ಕ್ರಿಸ್ಮಸ್ ರಜೆಗೆ ಮಕ್ಕಳು ಊರಿಗೆ ಬರ್ತಾರಂದ್ರೆ

ಡಿಸೆಂಬರ್ 20 ಹತ್ರ ಬಂತು ಅಂದ್ರೆ ಬೆಂಗಳೂರಿಂದ ಮಗಳ ಫೋನು, ಅಮ್ಮ ಮಕ್ಕಳಿಗೆ ಸ್ಕೂಲ್ ರಜ ಕೊಟ್ಟಿದಾರೆ, ಈ ಸಲ ಎಲ್ಲಿಗಾದ್ರೂ ಹೋಗಣ್ವಾ ಅಂತ. ನಮ್ಮ ತೀರ್ಥಹಳ್ಳಿ ಕಡೆ ಅದು ಅಡಿಕೆ ಕೊಯ್ಲಿನ ಟೈಮು, ಮರ ಹತ್ತಿ ಗೊನೆ ಇಳಿಸೋ ಕೊನೆಗಾರ ಇವತ್ತು ಬಂದ್ರೆ ಮತ್ತೆ ಯಾವಾಗ ಸಿಗ್ತಾನೋ, ಅಂಗಳದ ತುಂಬ ಅಡಿಕೆ, ರಾತ್ರಿ ಸುಲಿಯೋಕೆ ಕೂತೋರಿಗೆ ಕಾಫಿ ಆಗ್ಬೇಕು, ಬೀಗ ಹಾಕಿ ಹೋಗೋದು ಎಲ್ಲಿಂದ ಬಂತು. ಅದಕ್ಕೇ ನಾನು ಹೇಳೋದು, ನೀವೇ ಇಲ್ಲಿಗೆ ಬನ್ನಿ, ನಾಲ್ಕು ದಿನ ಮನೇಲಿರಿ, ಮಧ್ಯೆ ಒಂದೇ ದಿನ ಹೊರಗೆ ಹೋಗಿ ಬನ್ನಿ. ದಿನಾ ಕಾರಲ್ಲೇ ಸುತ್ತಿದ್ರೆ ಮಕ್ಕಳಿಗೆ ವಾಂತಿ, ದೊಡ್ಡೋರಿಗೆ ಸೊಂಟನೋವು, ಅಷ್ಟೇ.

ಮಕ್ಕಳು ಬರೋ ವಾರ ಮುಂಚೆನೇ ಕಂಬಳಿ, ಹಾಸಿಗೆ ಎಲ್ಲ ಬಿಸಿಲಿಗೆ ಹಾಕಿ. ಮಳೆಗಾಲದ ಮುಗ್ಗು ವಾಸನೆ ಒಂದು ದಿನದ ಬಿಸಿಲಿಗೆ ಹೋಗಲ್ಲ, ಎರಡು ಮೂರು ದಿನ ಬೇಕು, ಸಂಜೆ ಥಂಡಿ ಇಳಿಯೋ ಮುಂಚೆ ಒಳಗೆ ತಂದ್ಬಿಡಿ ಇಲ್ಲಾಂದ್ರೆ ಮತ್ತೆ ತೇವ ಹಿಡಿಯುತ್ತೆ. ಚಳಿ ಅಂತ ಕೆಂಡದ ಬಾಂಡ್ಲಿನ ಮಲಗೋ ರೂಮಿಗೆ ತಂದಿಟ್ಟು ಕಿಟಕಿ ಬಾಗಿಲು ಹಾಕ್ಕೊಂಡು ಮಾತ್ರ ಮಲಗ್ಬೇಡಿ, ಆ ವಿಷಗಾಳಿಗೆ ವಾಸನೆನೇ ಇರಲ್ಲ, ನಿದ್ದೇಲೇ ಜೀವ ಹೋಗುತ್ತೆ. ಇನ್ನೊಂದು ಕಂಬಳಿ ಹೊದೀರಿ.

ಬಚ್ಚಲ ಒಲೇಲಿ ಬೆಳಗ್ಗೆ ನೀರು ಕಾದ ಮೇಲೆ ಕೆಂಡ ಸುಮ್ನೆ ಆರಿಸ್ಬೇಡಿ, ಸಿಹಿಗೆಣಸು ಬಿಸಿ ಬೂದಿ ಒಳಗೆ ಹೂತಿಡಿ. ಗೆಣಸು ತೊಳೆದಿದ್ರೆ ಚೆನ್ನಾಗಿ ಒರೆಸಿ ಇಡ್ಬೇಕು. ಎಲ್ಲರ ಸ್ನಾನ ಆಗೋಷ್ಟರಲ್ಲಿ ಬೆಂದಿರುತ್ತೆ, ಸಿಪ್ಪೆ ಸುಲಿದು ಮೇಲೆ ಒಂದು ಚಮಚ ತುಪ್ಪ ಹಾಕಿಕೊಟ್ರೆ ನನ್ನ ಮೊಮ್ಮಕ್ಕಳು ಬಿಸ್ಕೆಟ್ ಕೇಳೋದೇ ಇಲ್ಲ. ಅಡಿಕೆ ಸುಲಿಯೋ ಮೆಟ್ಟುಗತ್ತಿ ಹತ್ರ ಮಕ್ಕಳನ್ನ ಬಿಡ್ಬೇಡಿ, ಹಣ್ಣಡಿಕೆ ಹಸಿಅಡಿಕೆ ಬೇರೆ ಮಾಡೋ ಕೆಲಸ ಕೊಡಿ, ಖುಷಿಯಿಂದ ಮಾಡ್ತಾವೆ.

25ಕ್ಕೆ ನಮ್ಮ ಪಕ್ಕದ ಕ್ರಿಶ್ಚಿಯನ್ನರ ಮನೆಯಿಂದ ಕುಸ್ವಾರ್ ಬರುತ್ತೆ, ಅಂದ್ರೆ ಕ್ರಿಸ್ಮಸ್‌ಗೆ ಮಾಡೋ ತಿಂಡಿಗಳು, ನೆವ್ರಿ, ಕಲ್ಕಲ್, ಗುಲಾಬಿ ಹೂವಿನ ಥರ ಅಚ್ಚಲ್ಲಿ ಕರಿದಿದ್ದು, ಎಲ್ಲ. ಡಬ್ಬಿ ಖಾಲಿ ವಾಪಸ್ ಕೊಡೋದು ನಮ್ಮಲ್ಲಿಲ್ಲ, ನಾನು ಹಲಸಿನ ಹಪ್ಪಳ ಇಲ್ಲಾ ತೋಟದ ಬಾಳೆಹಣ್ಣು ಹಾಕಿ ಮಕ್ಕಳ ಕೈಲೇ ಕಳಿಸ್ತೀನಿ, ಹೋದೋರು ಅವರ ಗೋದಲಿ ನೋಡ್ಕೊಂಡು ಕೇಕ್ ತಿನ್ಕೊಂಡೇ ಬರ್ತಾರೆ.

ಹೊರಗೆ ಹೋಗೋ ದಿನಕ್ಕೆ ಜೋಗ ಅಂತ ಹಟ ಹಿಡೀಬೇಡಿ, ಮಳೆಗಾಲದ ಅಬ್ಬರ ಮನಸಲ್ಲಿಟ್ಕೊಂಡು ಹೋದ್ರೆ ಬೇಜಾರಾಗುತ್ತೆ, ಈ ಟೈಮಲ್ಲಿ ನೀರು ತೆಳ್ಳಗಾಗಿರುತ್ತೆ. ಅದರ ಬದಲು ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗಿ, ಶಿವಮೊಗ್ಗದಿಂದ 14 ಕಿಲೋಮೀಟರ್, ಆದ್ರೆ ಬೆಳಗ್ಗೆನೇ ಹೋಗ್ಬೇಕು, ಆನೆ ಸ್ನಾನ ಎಲ್ಲ ಬೆಳಗ್ಗೆನೇ, ಮಧ್ಯಾಹ್ನ ಹೋದೋರಿಗೆ ಏನೂ ಸಿಗಲ್ಲ. ಇಲ್ಲಾಂದ್ರೆ ಆಗುಂಬೆ, ಮಳೆಗಾಲದಲ್ಲಿ ಮೋಡ ಮುಚ್ಕೊಂಡಿರೋ ಜಾಗ ಈಗ ತಿಳಿಯಾಗಿರುತ್ತೆ, ಸೂರ್ಯ ಮುಳುಗೋದು ನೋಡೋಕೆ 5:30ಕ್ಕೇ ಹೋಗಿ ನಿಂತ್ಕೊಳ್ಳಿ, ಸ್ವೆಟರ್ ಮರೀಬೇಡಿ, ಕತ್ತಲಾದ ಮೇಲೆ ಘಾಟಿ ಇಳಿಯೋಕೆ ಹೋಗ್ಬೇಡಿ. ಬುತ್ತಿಗೆ ಪುಳಿಯೋಗರೆ ಒಳ್ಳೇದು, ಕಾಯಿ ಹಾಕಿದ್ದು ಯಾವುದೂ ಬೇಡ, ಕಾರಿನ ಬಿಸಿಗೆ ಹಳಸುತ್ತೆ. ಮೊಸರನ್ನಕ್ಕೆ ಹಾಲು ಜಾಸ್ತಿ ಹಾಕಿ ಮೊಸರು ಒಂದೇ ಚಮಚ ಹಾಕಿ, ಊಟದ ಹೊತ್ತಿಗೆ ಸರಿಯಾಗಿ ಹೆಪ್ಪಾಗಿರುತ್ತೆ.

ಇದನ್ನ ದಯವಿಟ್ಟು ಮರೀಬೇಡಿ, ಟ್ರೆಕ್ಕಿಂಗ್ ಅಂತ ಸಿಕ್ಕಸಿಕ್ಕ ಕಾಡಿಗೆ ನುಗ್ಗಬೇಡಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಜಿಲ್ಲೆ ಸೊರಬದ ಕ್ಯಾಸನೂರಲ್ಲಿ, 1957ರಲ್ಲಿ, ಅದು ಹರಡೋ ಕಾಲ ಶುರುವಾಗೋದೂ ಈ ಡಿಸೆಂಬರ್ ಸುಮಾರಿಗೇ. ಕಾಡಿನ ಉಣುಗು ಕಚ್ಚಿದ್ರೆ ಬರುತ್ತೆ. ತೋಟ ಕಾಡು ಕಡೆ ಹೋಗ್ಲೇಬೇಕಂದ್ರೆ ತುಂಬುತೋಳಿನ ಅಂಗಿ, ಪ್ಯಾಂಟು ಹಾಕ್ಕೊಂಡು, ಉಣುಗು ಹತ್ತದಂಗೆ ಆರೋಗ್ಯ ಇಲಾಖೆಯೋರು ಕೊಡೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ. ಬಂದ ತಕ್ಷಣ ಬಟ್ಟೆ ಬಿಸಿನೀರಿಗೆ, ಮಕ್ಕಳಿಗೆ ಸೋಪ್ ಹಚ್ಚಿ ಸ್ನಾನ, ಕಿವಿ ಹಿಂದೆ ಕಂಕುಳು ನೋಡಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಆಸ್ಪತ್ರೆಗೆ ತಿಳಿಸಿ. ಊರಿಗೆ ವಾಪಸ್ ಹೋದ ಮೇಲೆ ಜ್ವರ ಬಂದ್ರೆ ಮಲೆನಾಡಿಗೆ ಹೋಗಿದ್ವಿ ಅಂತ ಡಾಕ್ಟರಿಗೆ ಹೇಳ್ಲೇಬೇಕು.

ತೋಟ ಇಲ್ದೋರು, ಮನೆ ಬಿಟ್ಟೇ ಹೋಗೋರು ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಒಲೆ ಕೆಂಡಕ್ಕೆ ನೀರು ಹಾಕಿ ಹೊರಡಿ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಅದಕ್ಕೆ ಫ್ರೀಜರಲ್ಲಿ ಒಂದು ಬಟ್ಟಲು ನೀರು ಗಟ್ಟಿ ಮಾಡಿ ಮೇಲೆ ನಾಣ್ಯ ಇಟ್ಟಿರಿ. ಬಂದು ನೋಡಿದಾಗ ನಾಣ್ಯ ತಳಕ್ಕೆ ಹೋಗಿದ್ರೆ ಐಸ್ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ, ಒಳಗಿದ್ದ ಹಾಲು, ಸಾರು, ಹಿಟ್ಟು ಯಾವುದನ್ನೂ ಬಳಸದೆ ಚೆಲ್ಲಿಬಿಡಿ.