ಅಕ್ಕಿ ಉಣ್ಣುವ ಊರಿನಲ್ಲಿ ಸಾಮೆ, ಹಾರಕ, ಕೊರಲೆ

ಶಿರಸಿ, ಕುಮಟಾ, ಅಂಕೋಲಾ ಕಡೆಯ ಮಹಿಳಾ ಸಂಘಗಳಲ್ಲಿ ಸಿರಿಧಾನ್ಯದ ಮಾಹಿತಿ ಕೊಡುವಾಗ ನಾವು ಮೊದಲು ಒಲೆ ಹಚ್ಚುತ್ತೇವೆ, ಮಾತು ಆಮೇಲೆ. ರಾಗಿ ಅಂಬಲಿ ಎಲ್ಲರಿಗೂ ಗೊತ್ತು. ಸಾಮೆ, ಹಾರಕ, ಊದಲು, ಕೊರಲೆ ಯಾವುದು ಎಂದು ಗುರುತಿಸುವವರು ಕಡಿಮೆ. ಅನ್ನ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ವಾರಕ್ಕೆರಡು ಸಲ ದೋಸೆಯಲ್ಲಿ ಅಕ್ಕಿಯ ಬದಲು ಸಾಮೆ ಹಾಕಿದರೆ ಆರಂಭಕ್ಕೆ ಸಾಕು.

ಮೂರು ಲೋಟ ಸಾಮೆಗೆ ಒಂದು ಲೋಟ ಉದ್ದು, ಒಂದು ಚಮಚ ಮೆಂತೆ. ಆರು ತಾಸು ನೆನೆಸಿ. ಉದ್ದು ಕಡಿಮೆಯಾದರೆ ದೋಸೆ ಕಾವಲಿಯಿಂದ ಏಳುವಾಗ ಹರಿಯುತ್ತದೆ. ಕರಾವಳಿಯ ಸೆಕೆಗೆ ಹಿಟ್ಟು ಬೇಗ ಹುಳಿ ಬರುವುದರಿಂದ ಬೇಸಗೆಯಲ್ಲಿ ರಾತ್ರಿ ತಡವಾಗಿ ರುಬ್ಬಬೇಕು. ಅನ್ನಕ್ಕಾದರೆ ನೆನೆಸಿದ ಹಾರಕಕ್ಕೆ ಎರಡೂವರೆ ಪಟ್ಟು ನೀರು. ಬೆಂದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ನೆನೆಸದೆ ಬೇಯಿಸಿದರೆ ಕಾಳಿನ ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಸಿರಿಧಾನ್ಯ ಗಂಟಲಿಗೆ ಇಳಿಯುವುದಿಲ್ಲ ಎಂಬ ದೂರು ಹೆಚ್ಚಾಗಿ ಇದರಿಂದಲೇ ಹುಟ್ಟುವುದು. ಅಪ್ಪೆಹುಳಿಯ ಜೊತೆಗೂ ಮೀನಿನ ಸಾರಿನ ಜೊತೆಗೂ ಹಾರಕದ ಅನ್ನ ಚೆನ್ನಾಗಿ ಹೊಂದುತ್ತದೆ.

ಉಂಡ ಮೇಲೆ ಅಂಕಿಗಳು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಬಿಳಿ ಅಕ್ಕಿಯಲ್ಲಿ ನಾರು ಸುಮಾರು 2.8 ಗ್ರಾಂ, ಹಾರಕದಲ್ಲಿ 6.4, ಸಾಮೆಯಲ್ಲಿ 7.7. ಆದರೆ ಸಾಮೆಯಲ್ಲೂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಸುಮಾರು 65.5 ಗ್ರಾಂ ಇದೆ, ಆದ್ದರಿಂದ ಎಷ್ಟು ಬೇಕಾದರೂ ಉಣ್ಣಬಹುದು ಎನ್ನುವಂತಿಲ್ಲ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎಂದು ನಾವು ಎಂದೂ ಹೇಳುವುದಿಲ್ಲ. ಮಾತ್ರೆ ಬಿಡಬಹುದೇ ಎಂದು ಕೇಳಿದವರನ್ನು ವೈದ್ಯರ ಬಳಿಗೇ ಕಳಿಸುತ್ತೇವೆ. ನುಣ್ಣಗೆ ಪುಡಿ ಮಾಡಿ ಕುದಿಸಿದ ಗಂಜಿ ಇಡೀ ಕಾಳಿಗಿಂತ ಬೇಗ ಜೀರ್ಣವಾಗಿ ಸಕ್ಕರೆ ಏರಿಸುತ್ತದೆ ಎಂಬುದನ್ನು ಅವರಿಗೆ ಮುಖ್ಯವಾಗಿ ಹೇಳಬೇಕು. ನಾರಿಗೆ ಹೊಟ್ಟೆ ಒಗ್ಗಿಲ್ಲದವರು ಸ್ವಲ್ಪದಿಂದ ಆರಂಭಿಸಲಿ, ಇಲ್ಲವಾದರೆ ಹೊಟ್ಟೆ ಉಬ್ಬರಿಸುತ್ತದೆ.

ಪಾಲಿಶ್ ಮಾಡಿದ ಬೆಳ್ಳಗಿನ ಸಾಮೆಯನ್ನೂ ತೌಡು ಉಳಿದ ಮಾಸಲು ಸಾಮೆಯನ್ನೂ ಎರಡು ತಟ್ಟೆಗಳಲ್ಲಿ ಪಕ್ಕಪಕ್ಕ ಇಡುತ್ತೇವೆ. ಅಂಗಡಿಯಲ್ಲಿ ಕೈ ಹೋಗುವುದು ಬಿಳಿಯದರ ಕಡೆಗೆ, ನಾರು ಉಳಿದಿರುವುದು ಮಾಸಲಿನಲ್ಲಿ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಕಾರವಾರದಂಥ ಕಡೆ ಮಳೆಗಾಲದಲ್ಲಿ ಅದು ಬೇಗ ಕಮಟುತ್ತದೆ. ಒಮ್ಮೆಗೆ ಒಂದು ಕಿಲೋ ಮಾತ್ರ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟು ಹಿಡಿದ ಹಾರಕವನ್ನಂತೂ ತೊಳೆದು, ಒಣಗಿಸಿ ಬಳಸಲೇಬಾರದು: ಆ ಬೂಷ್ಟಿನ ವಿಷದಿಂದ ತಲೆಸುತ್ತು, ವಾಂತಿ ಬರುತ್ತದೆ. ಅದನ್ನು ದನಕ್ಕೂ ಹಾಕಬೇಡಿ.