ಡಿಮೆನ್ಷಿಯಾ ಇರುವ ಅಪ್ಪ ಅಮ್ಮನನ್ನು ನೋಡಿಕೊಳ್ಳುವುದು ಹೇಗೆ: ನಾನು ತಡವಾಗಿ ಕಲಿತದ್ದು

ಅರವತ್ತಕ್ಕೆ ಅರಳುಮರಳು ಅಂತ ಒಂದು ಮಾತಿದೆಯಲ್ಲ, ಆ ಮಾತು ನಂಬಿಕೊಂಡು ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಎರಡು ವರ್ಷ ಕಳೆದುಬಿಟ್ಟೆವು. ಅಮ್ಮ ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳುತ್ತಿದ್ದಳು, ನಾವು ನಗುತ್ತಿದ್ದೆವು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರಿಗೂ ಇದ್ದದ್ದೇ. ಆದರೆ ಕನ್ನಡಕ ಕೈಯಲ್ಲೇ ಹಿಡಿದುಕೊಂಡು ಇದನ್ನು ಏನು ಮಾಡಬೇಕು ಅಂತ ತೋಚದೆ ನಿಂತರೆ, ದಿನಾ ಓಡಾಡುವ ರಸ್ತೆಯಲ್ಲಿ ದಾರಿ ತಪ್ಪಿದರೆ, ಮೂವತ್ತು ವರ್ಷ ಮನೆಯ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದವರು ಚಿಲ್ಲರೆ ಎಣಿಸಲು ತಡವರಿಸಿದರೆ, ಅದಕ್ಕೆ ವಯಸ್ಸು ಕಾರಣ ಅಲ್ಲ. ಅದು ಕಾಯಿಲೆ. ಮಿದುಳು ಕೆಟ್ಟು ನೆನಪು, ಯೋಚನೆ, ದಿನದ ಕೆಲಸ ಎಲ್ಲ ಒಂದೊಂದಾಗಿ ಕೈಕೊಡುವುದಕ್ಕೆ ಡಿಮೆನ್ಷಿಯಾ ಅನ್ನುತ್ತಾರೆ.

ಇದನ್ನು ಓದುತ್ತಿರುವವರ ಮನೆಯಲ್ಲಿ ಇಂಥದ್ದು ಈಗಷ್ಟೇ ಶುರುವಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. "ಹೋಗಿ ಏನು ಮಾಡೋದು, ಇದಕ್ಕೆ ಮದ್ದಿಲ್ಲವಲ್ಲ" ಅನ್ನುವವರು ಸಿಗುತ್ತಾರೆ. ಅವರ ಮಾತು ಅರ್ಧ ಮಾತ್ರ ನಿಜ. ಮರೆವಿನ ಹಿಂದೆ ಬೇರೆ ಕಾರಣವೂ ಇರಬಹುದು: ವಿಟಮಿನ್ ಬಿ12 ಕಡಿಮೆ ಇರುವುದು, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದು ತಲೆಗೆ ಪೆಟ್ಟಾಗಿ ಒಳಗೆ ರಕ್ತ ನಿಂತಿರುವುದು. ನಿದ್ದೆ ಮಾತ್ರೆ, ಕೆಲವು ಹಳೇ ಅಲರ್ಜಿ ಮಾತ್ರೆ, ಪದೇಪದೇ ಮೂತ್ರ ಬರುವುದಕ್ಕೆ ಕೊಡುವ ಕೆಲವು ಮಾತ್ರೆಗಳೂ ತಲೆ ಮಂಕು ಮಾಡುತ್ತವೆ. ಇವಕ್ಕೆಲ್ಲ ಚಿಕಿತ್ಸೆ ಇದೆ. ಹಾಗಾಗಿ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ತೆಗೆದುಕೊಂಡು ಹೋಗಿ, ಅಂಗಡಿಯಿಂದ ಹಾಗೇ ಕೊಂಡು ತಂದವೂ ಸೇರಿ. ಕಿವಿಯನ್ನೂ ಪರೀಕ್ಷೆ ಮಾಡಿಸಿ, ಎಷ್ಟೋ ಸಲ ಅವರು ಮರೆತಿರುವುದಿಲ್ಲ, ಕೇಳಿಸಿಕೊಂಡೇ ಇರುವುದಿಲ್ಲ.

ಇನ್ನೊಂದು ವಿಷಯ. ಡಾಕ್ಟರ್ ಮುಂದೆ ಕೂತು "ಅಮ್ಮನಿಗೆ ಏನೂ ನೆನಪಿರಲ್ಲ" ಅಂತ ಅಮ್ಮನ ಎದುರೇ ಹೇಳಬೇಡಿ. ನಾನು ಹೇಳಿದ್ದೆ. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಾ ಕೂತಿದ್ದು ಇನ್ನೂ ಕಣ್ಣ ಮುಂದೆ ಇದೆ. ಯಾವಾಗ ಶುರುವಾಯಿತು, ಏನೇನು ಆಯಿತು ಅಂತ ಒಂದು ಚೀಟಿಯಲ್ಲಿ ಬರೆದು ಮೊದಲೇ ಒಳಗೆ ಕೊಟ್ಟುಬಿಡಿ.

ಯಾವ ಬಗೆಯ ಡಿಮೆನ್ಷಿಯಾ ಅಂತ ಕೇಳಿ ತಿಳಿದುಕೊಳ್ಳಿ. ಜಾಸ್ತಿ ಕಾಣುವುದು ಆಲ್ಝೈಮರ್ಸ್, 1906ರಲ್ಲಿ ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್ಝೈಮರ್ ಮೊದಲು ವಿವರಿಸಿದ ಕಾಯಿಲೆ. ಮಿದುಳಿನ ರಕ್ತನಾಳ ಕೆಟ್ಟು ಬರುವುದು ಇನ್ನೊಂದು. ಲೂಯಿ ಬಾಡಿ ಅನ್ನುವುದು ಮತ್ತೊಂದು ಬಗೆ. ಅದರಲ್ಲಿ ಮನೆಯಲ್ಲಿ ಇಲ್ಲದ ಮಕ್ಕಳು, ಪ್ರಾಣಿಗಳು ಕಾಣಿಸಬಹುದು. ಇದಾಗಿದ್ದರೆ ಯಾವ ಆಸ್ಪತ್ರೆಗೆ ಹೋದರೂ ಮೊದಲು ಅದನ್ನು ಹೇಳಿ, ಯಾಕೆಂದರೆ ಗಲಾಟೆ ತಣಿಸಲು ಕೊಡುವ ಹ್ಯಾಲೊಪೆರಿಡಾಲ್ ಥರದ ಮದ್ದು ಇವರಿಗೆ ತುಂಬಾ ಅಪಾಯ. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಅಂತ ಮಾತ್ರೆಗಳು ಬರೆದುಕೊಡುತ್ತಾರೆ. ಕೆಲವರಿಗೆ ಸ್ವಲ್ಪ ಕಾಲ ಸ್ವಲ್ಪ ಅನುಕೂಲ ಆಗುತ್ತದೆ, ಕಾಯಿಲೆ ವಾಸಿಯಾಗುವುದಿಲ್ಲ. ಮಾತ್ರೆ ಶುರು ಮಾಡಿದ ಮೇಲೆ ಹೊಟ್ಟೆ ತೊಳಸುವುದು, ಭೇದಿ, ತಲೆಸುತ್ತು ಕಂಡರೆ ಸುಮ್ನೆ ಇರಬೇಡಿ, ಹೇಳಿ.

ಹಣಕಾಸು, ಆಸ್ತಿ, ಉಯಿಲು, ಮುಂದೆ ಚಿಕಿತ್ಸೆ ವಿಷಯದಲ್ಲಿ ಅವರ ಪರವಾಗಿ ಯಾರು ತೀರ್ಮಾನ ಮಾಡಬೇಕು ಅನ್ನುವುದನ್ನೆಲ್ಲ ಅವರಿಗೆ ಅರ್ಥವಾಗಿ ಸಹಿ ಹಾಕುವ ಶಕ್ತಿ ಇರುವಾಗಲೇ ವಕೀಲರನ್ನು ಕೇಳಿ ಮುಗಿಸಿ. ಇದನ್ನು ಎತ್ತುವುದಕ್ಕೆ ಸಂಕೋಚ ಆಗುತ್ತದೆ, ಗೊತ್ತು. ಆರು ತಿಂಗಳು ಬಿಟ್ಟು ಎತ್ತಿದರೆ ಅದಕ್ಕಿಂತ ಕಷ್ಟ.

ಮಾತು

ಈಗ ದಿನಾ ಬೇಕಾಗುವ ವಿಷಯಕ್ಕೆ ಬರುತ್ತೇನೆ. ಆಲ್ಝೈಮರ್ಸ್‌ನಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಅನ್ನುವ ಭಾಗ ಮೊದಮೊದಲೇ ಸೊರಗುತ್ತದೆ. ಹೊಸ ವಿಷಯ ನೆನಪಾಗಿ ಕೂರಬೇಕಾದರೆ ಅದೇ ಬೇಕು. ಅಂದರೆ ಅಮ್ಮ ನೀವು ಹೇಳಿದ್ದನ್ನು ಮರೆಯುತ್ತಿಲ್ಲ, ನೀವು ಹೇಳಿದ್ದು ಒಳಗೆ ದಾಖಲೇ ಆಗಿಲ್ಲ. "ಈಗ ತಾನೇ ಹೇಳಿದೆನಲ್ಲ!" ಅನ್ನುವ ಮಾತಿಗೆ ಅವರ ಮಟ್ಟಿಗೆ ಅರ್ಥವೇ ಇಲ್ಲ. ಅವರಿಗೆ ತಿಳಿಯುವುದು ನಿಮ್ಮ ಸಿಟ್ಟು ಮಾತ್ರ. ಆ ಸಿಟ್ಟು ಮಾತ್ರ ಉಳಿಯುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಆಲ್ಝೈಮರ್ಸ್ ಇರುವವರಿಗೆ ದುಃಖದ, ಖುಷಿಯ ಸಿನಿಮಾ ತುಣುಕುಗಳನ್ನು ತೋರಿಸಿ ನೋಡಿದರು. ನೋಡಿದ್ದು ಮರೆತು ಹೋಗಿತ್ತು, ಆದರೆ ಆ ದುಃಖ, ಆ ಖುಷಿ ಆಮೇಲೂ ಉಳಿದಿತ್ತು. ನನಗೆ ಇದು ಮೊದಲೇ ಗೊತ್ತಿದ್ದರೆ ಎಷ್ಟೋ ಸಂಜೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಹಾಗಾಗಿ ತಿದ್ದಬೇಡಿ. ಇವತ್ತು ಮಂಗಳವಾರ ಅಲ್ಲ ಗುರುವಾರ ಅಂತ ಸಾಧಿಸಿ ನಿಮಗೇನು ಸಿಗುತ್ತದೆ?

ಕಷ್ಟದ ಪ್ರಶ್ನೆ ಬೇರೆ ಇದೆ. ತೀರಿಕೊಂಡ ಅಜ್ಜಿಯನ್ನು ಅಮ್ಮ ಕೇಳುತ್ತಾಳೆ, "ನಮ್ಮಮ್ಮ ಎಲ್ಲಿ, ಇನ್ನೂ ಬಂದಿಲ್ಲವಲ್ಲ". ಮೊದಲ ಸಲ ನಾನು ನಿಜ ಹೇಳಿದೆ. ಅವಳಿಗೆ ಅದು ಆಗ ತಾನೇ ಬಂದ ಸುದ್ದಿ. ಅತ್ತಳು. ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಒಬ್ಬರಿಗೆ ದಿನಕ್ಕೆ ಮೂರು ಸಲ ಅಮ್ಮ ಸತ್ತ ಸುದ್ದಿ ಕೊಡುವುದು ಯಾವ ನ್ಯಾಯ? ಈಗ "ಅಜ್ಜಿ ನೆನಪಾಯಿತಾ ಅಮ್ಮ? ಅಜ್ಜಿ ನಿನ್ನ ಬಯ್ಯುತ್ತಿದ್ದಳಾ?" ಅಂತ ಕೇಳುತ್ತೇನೆ. ಕಥೆ ಶುರುವಾಗುತ್ತದೆ, ಪ್ರಶ್ನೆ ಅಲ್ಲೇ ಕರಗುತ್ತದೆ. ಇದು ಸುಳ್ಳಲ್ವಾ ಅಂತ ಕೇಳಬಹುದು. ಸುಳ್ಳು ಹೇಳದೆಯೂ ಮಾತು ತಿರುಗಿಸಬಹುದು ಅನ್ನುವುದು ನನ್ನ ಅನುಭವ. ಆದರೆ ಒಂದೊಂದು ದಿನ ಅವರಿಗೆ ಒಳಗೊಳಗೆ ಗೊತ್ತಿರುತ್ತದೆ, ಕಣ್ಣಿಟ್ಟು ನೋಡಿ "ಹೋಗಿಬಿಟ್ಟಳಾ?" ಅನ್ನುತ್ತಾರೆ. ಆಗ ಹೌದು ಅನ್ನಿ, ಪಕ್ಕದಲ್ಲಿ ಕೂರಿ.

ಮಾತಾಡುವಾಗ ಎದುರಿಗೆ ಬನ್ನಿ, ಹಿಂದಿನಿಂದ ಬಂದು ಮುಟ್ಟಬೇಡಿ. ಟಿವಿ ಆರಿಸಿ. ಅವರು ಕೂತಿದ್ದರೆ ನೀವೂ ಕೂರಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಹೇಳಿ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಉತ್ತರ ಬರುತ್ತದೆ, ತಡವಾಗಿ ಬರುತ್ತದೆ, ಅಷ್ಟೇ. "ಯಾವ ಬಟ್ಟೆ ಹಾಕಿಕೊಳ್ಳುತ್ತೀಯ?" ಅಂತ ಬೀರು ತೆರೆದು ತೋರಿಸಿದರೆ ಅವರು ಕಂಗಾಲು. ಎರಡು ಹಿಡಿದು ತೋರಿಸಿ, "ಇದಾ, ಇದಾ?"

ಮನೆಗೆ ಬಂದವರದು ಇನ್ನೊಂದು ಕಾಟ. ಬಾಗಿಲಲ್ಲೇ ಶುರು: "ನಾನ್ಯಾರು ಹೇಳು ನೋಡೋಣ? ಗುರುತು ಸಿಕ್ಕಿತಾ?" ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಅದು ಪರೀಕ್ಷೆ, ಅಮ್ಮ ನಪಾಸಾಗುವುದು ಖಚಿತ. ನೀವೇ ಮುಂದೆ ಹೋಗಿ ಹೆಸರು, ಸಂಬಂಧ ಹೇಳಿಬಿಡಿ. ಬರುವ ಮುಂಚೆ ಫೋನಿನಲ್ಲೇ ಎಚ್ಚರಿಕೆ ಕೊಟ್ಟರೂ ತಪ್ಪಿಲ್ಲ, ಬೇಜಾರಾದರೆ ಆಗಲಿ.

"ನನ್ನ ಪರ್ಸ್ ಕದ್ದಿದ್ದೀಯ"

ಇದು ಬಂದೇ ಬರುತ್ತದೆ ಅಂತಲ್ಲ, ಆದರೆ ಬಂದಾಗ ಎದೆಗೆ ನಾಟುತ್ತದೆ. ಹಗಲೂ ರಾತ್ರಿ ನೋಡಿಕೊಳ್ಳುವವರ ಮೇಲೇ ಅಪವಾದ. ಅವರ ಲೆಕ್ಕ ಸರಳ: ಇಟ್ಟ ನೆನಪಿಲ್ಲ, ವಸ್ತು ಇಲ್ಲ, ಅಂದಮೇಲೆ ಯಾರೋ ತೆಗೆದಿದ್ದಾರೆ. "ನಾನ್ಯಾಕೆ ತೆಗೆಯಲಿ" ಅಂತ ವಾದಕ್ಕೆ ಇಳಿಯಬೇಡಿ. "ಅಯ್ಯೋ, ಕಾಣಿಸುತ್ತಿಲ್ಲವಾ? ಬಾ ಹುಡುಕೋಣ" ಅನ್ನಿ. ಅಡಗಿಸುವ ಜಾಗ ನಾಲ್ಕೋ ಐದೋ ಇರುತ್ತವೆ, ನಿಮಗೆ ಬೇಗ ಗೊತ್ತಾಗುತ್ತದೆ. ನಮ್ಮಲ್ಲಿ ದಿಂಬಿನ ಕವರ್, ಅಕ್ಕಿ ಡಬ್ಬ, ಮಡಿಸಿಟ್ಟ ಸ್ವೆಟರ್ ಒಳಗೆ. ಅದೇ ಥರದ ಇನ್ನೊಂದು ಪರ್ಸ್ ತಂದು ಸ್ವಲ್ಪ ಚಿಲ್ಲರೆ ಹಾಕಿಟ್ಟುಕೊಳ್ಳಿ. ಕಸದ ಬುಟ್ಟಿ ಖಾಲಿ ಮಾಡುವ ಮುಂಚೆ ಒಂದು ಸಲ ಕೈಯಾಡಿಸಿ, ಹಲ್ಲಿನ ಸೆಟ್ ನಮಗೆ ಅಲ್ಲೇ ಸಿಕ್ಕಿತ್ತು.

ಸಂಜೆ ಹೊತ್ತು, ರಾತ್ರಿ ಹೊತ್ತು

ಸೂರ್ಯ ಇಳಿಯುವ ಹೊತ್ತಿಗೆ ತುಂಬಾ ಜನರಿಗೆ ತಳಮಳ ಹೆಚ್ಚುತ್ತದೆ. ಕತ್ತಲಾಗುವ ಮುಂಚೆಯೇ ದೀಪಗಳನ್ನೆಲ್ಲ ಹಾಕಿ, ಪರದೆ ಎಳೆಯಿರಿ. ಮಧ್ಯಾಹ್ನದ ನಿದ್ದೆ ಉದ್ದವಾಗದಂತೆ ನೋಡಿಕೊಳ್ಳಿ, ಬೆಳಗಿನ ಹೊತ್ತು ಸ್ವಲ್ಪ ನಡೆಸಿ. ಸ್ವಂತ ಮನೆಯಲ್ಲೇ ಕೂತು "ಮನೆಗೆ ಹೋಗಬೇಕು" ಅಂತ ಹಟ ಹಿಡಿದರೆ "ಇದೇ ಮನೆ" ಅನ್ನಬೇಡಿ. ಅವರು ಹುಡುಕುತ್ತಿರುವುದು ವಿಳಾಸವನ್ನಲ್ಲ. ಹಸಿವೆಯಾ, ನೋವಾ, ಬಾತ್‌ರೂಮಿಗೆ ಹೋಗಬೇಕಾ, ಹೆದರಿಕೆಯಾ ಅಂತ ಮೊದಲು ನೋಡಿ. ಯಾವುದೂ ಅಲ್ಲದಿದ್ದರೆ "ಆಯ್ತು, ಚಪ್ಪಲಿ ಹಾಕಿಕೋ, ಹೋಗೋಣ" ಅಂತ ಹೊರಗೆ ಒಂದು ಸುತ್ತು ಹಾಕಿ ವಾಪಸ್ ಬನ್ನಿ. ಎಷ್ಟೋ ಸಲ ಗೇಟಿನ ಹತ್ತಿರ ಬಂದಾಗ ಅಮ್ಮನೇ "ಅಬ್ಬಾ, ಬಂದ್ವಿ" ಅನ್ನುತ್ತಾಳೆ.

ಒಬ್ಬರೇ ಹೊರಟುಬಿಡುವ ಅಪಾಯಕ್ಕೆ ಬಾಗಿಲಿಗೆ ಗಂಟೆ ಕಟ್ಟಿ, ಚಿಲಕವನ್ನು ಕಣ್ಣಿಗೆ ಸುಲಭವಾಗಿ ಬೀಳದ ಎತ್ತರಕ್ಕೆ ಹಾಕಿಸಿ, ಹೆಸರು ಮತ್ತು ಫೋನ್ ನಂಬರ್ ಇರುವ ಬಳೆ ತೊಡಿಸಿ, ಇತ್ತೀಚಿನ ಫೋಟೋ ಒಂದು ಮೊಬೈಲಿನಲ್ಲಿ ಇರಲಿ, ಅಕ್ಕಪಕ್ಕದವರಿಗೆ ವಿಷಯ ಮುಚ್ಚಿಡಬೇಡಿ. ಆದರೆ ಅವರೊಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಬೇಡಿ. ಬೆಂಕಿ ಬಿದ್ದರೆ ಏನು ಗತಿ?

ರಾತ್ರಿ ಹಾಸಿಗೆಯಿಂದ ಬಾತ್‌ರೂಮಿನವರೆಗೆ ಸಣ್ಣ ದೀಪ ಉರಿಯಲಿ, ಬಾಗಿಲು ತೆರೆದಿರಲಿ. ನೆಲದ ಮೇಲಿನ ಕಪ್ಪು ಮ್ಯಾಟ್ ಅವರ ಕಣ್ಣಿಗೆ ಗುಂಡಿಯಂತೆ ಕಾಣಬಹುದು, ತೆಗೆದುಬಿಡಿ. ಕನ್ನಡಿಯಲ್ಲಿ ಯಾರೋ ಇದ್ದಾರೆ ಅಂತ ಬೆದರಿದರೆ ಬಟ್ಟೆ ಮುಚ್ಚಿ. ಗ್ಯಾಸ್, ಮಾತ್ರೆ ಡಬ್ಬ, ಗಾಡಿ ಕೀ ಕೈಗೆ ಸಿಗದ ಹಾಗೆ ಇಡಿ. ಗಾಡಿ ವಿಷಯದಲ್ಲಿ ಅಪ್ಪಂದಿರು ಜಗಳಕ್ಕೇ ನಿಲ್ಲುತ್ತಾರೆ, ಆ ಮಾತನ್ನು ಡಾಕ್ಟರ್ ಬಾಯಲ್ಲಿ ಹೇಳಿಸುವುದು ಮೇಲು.

ಸ್ನಾನ

ನನ್ನನ್ನು ಹೆಚ್ಚು ಸೋಲಿಸಿದ್ದು ಇದೇ. "ಸ್ನಾನ ಮಾಡು ಬಾ" ಅಂದರೆ "ಬೆಳಗ್ಗೆನೇ ಆಯ್ತು" ಅನ್ನುತ್ತಾಳೆ, ಮೂರು ದಿನದ ಬಟ್ಟೆಯಲ್ಲಿ. ಒಂದು ದಿನ ರಟ್ಟೆ ಹಿಡಿದು ಎಳೆದುಕೊಂಡು ಹೋದೆ, ತಲೆ ಮೇಲೆ ನೀರು ಸುರಿದೆ, ಅವಳು ನನ್ನ ಕೈ ಕಚ್ಚಿದಳು. ಆಮೇಲೆ ಯೋಚನೆ ಮಾಡಿದರೆ ಅವಳ ಜಾಗದಲ್ಲಿ ನಾನಿದ್ದರೂ ಕಚ್ಚುತ್ತಿದ್ದೆ. ಯಾರೋ ಗುರುತಿಲ್ಲದವರು ಬಟ್ಟೆ ಬಿಚ್ಚಿ ನೀರು ಹೊಯ್ದರೆ ಇನ್ನೇನು ಮಾಡುತ್ತಾರೆ?

ಈಗ ಹೀಗೆ ಮಾಡುತ್ತೇನೆ. ಮೊದಲು ಬಾತ್‌ರೂಮ್ ಬೆಚ್ಚಗೆ ಮಾಡಿ, ಸೋಪು, ಟವೆಲ್, ಬಟ್ಟೆ ಎಲ್ಲ ತಯಾರು. ಸ್ನಾನ ಅನ್ನುವ ಮಾತೇ ಎತ್ತುವುದಿಲ್ಲ, "ಬಾ, ಕಾಲಿಗೆ ಬಿಸಿನೀರು ಹಾಕೋಣ" ಅನ್ನುತ್ತೇನೆ. ಕುರ್ಚಿ ಮೇಲೆ ಕೂರಿಸಿ, ಮೈಮೇಲೆ ದೊಡ್ಡ ಟವೆಲ್ ಹೊದಿಸಿಯೇ ಇರುತ್ತೇನೆ. ನೀರು ಮೊದಲು ಪಾದಕ್ಕೆ, ಆಮೇಲೆ ಮಂಡಿಗೆ, ಟವೆಲ್ ಪಕ್ಕಕ್ಕೆ ಸರಿಸುತ್ತಾ ಕೈಗೆ, ಬೆನ್ನಿಗೆ. ಮುಂದೆ ಏನು ಮಾಡುತ್ತೇನೆ ಅಂತ ಮೊದಲೇ ಹೇಳುತ್ತೇನೆ. ಒಂದು ಒದ್ದೆ ಬಟ್ಟೆ ಅವಳ ಕೈಗೇ ಕೊಡುತ್ತೇನೆ, ಮುಖ ಅವಳೇ ಒರೆಸಿಕೊಳ್ಳುತ್ತಾಳೆ. ತಲೆಸ್ನಾನ ಬೇರೆ ದಿನ. ದಿನಾ ಸ್ನಾನ ಆಗಲೇಬೇಕು ಅಂತಿಲ್ಲ, ಒಲ್ಲೆ ಅಂದ ದಿನ ಮುಖ, ಕಂಕುಳು, ತೊಡೆಸಂದಿ ಒರೆಸಿ ಒಣಗಿಸಿದರೆ ಸಾಕು.

ಊಟದ ಬಗ್ಗೆ ಎರಡೇ ಮಾತು. ತಟ್ಟೆಯ ಬಣ್ಣ ಊಟದ ಬಣ್ಣಕ್ಕಿಂತ ಬೇರೆ ಇರಲಿ, ಇಲ್ಲದಿದ್ದರೆ ತಟ್ಟೆಯಲ್ಲಿರುವುದು ಅವರಿಗೆ ಕಾಣುವುದೇ ಇಲ್ಲ. ನೆಟ್ಟಗೆ ಕೂರಿಸಿ ನಿಧಾನವಾಗಿ ತಿನ್ನಿಸಿ. ತಿನ್ನುವಾಗ ಪದೇಪದೇ ಕೆಮ್ಮು ಬಂದರೆ, ಗಂಟಲಲ್ಲಿ ಗೊರಗೊರ ಅಂದರೆ ನುಂಗುವುದು ಕಷ್ಟವಾಗುತ್ತಿದೆ ಅಂತ ಅರ್ಥ, ಡಾಕ್ಟರಿಗೆ ತೋರಿಸಿ.

ದಿಢೀರ್ ಬದಲಾವಣೆ

ಇದನ್ನು ಮಾತ್ರ ಮರೆಯಬೇಡಿ. ಆಲ್ಝೈಮರ್ಸ್ ಸಾಮಾನ್ಯವಾಗಿ ತಿಂಗಳು, ವರ್ಷಗಳ ಮೇಲೆ ನಿಧಾನವಾಗಿ ಹೆಚ್ಚುತ್ತದೆ. ಒಂದೆರಡು ದಿನದಲ್ಲೇ ಅವರು ಬೇರೆಯೇ ಮನುಷ್ಯರಾದರೆ ಕಾರಣ ಬೇರೆ ಎಲ್ಲೋ ಇದೆ. ಅಮ್ಮ ಒಂದು ಸಲ ಎರಡೇ ದಿನದಲ್ಲಿ ಮಾತು ಕಳೆದುಕೊಂಡು, ಹಗಲೆಲ್ಲ ಮಂಪರು, ರಾತ್ರಿಯೆಲ್ಲ ಗೋಡೆ ತಡವುವುದು ಮಾಡಿದಳು. ಕಾಯಿಲೆ ಕೊನೆಗೆ ಬಂತು ಅಂದುಕೊಂಡು ನಾವು ಸಂಬಂಧಿಕರಿಗೆಲ್ಲ ಫೋನ್ ಮಾಡಿದ್ದೆವು. ಆಗಿದ್ದದ್ದು ಮೂತ್ರದ ಸೋಂಕು. ಜ್ವರ ಕೂಡ ಇರಲಿಲ್ಲ. ಆಂಟಿಬಯೋಟಿಕ್ ಕೊಟ್ಟ ಮೇಲೆ ವಾರದಲ್ಲಿ ಮೊದಲಿನಂತಾದಳು. ಸೋಂಕು, ಮಲಬದ್ಧತೆ, ನೀರು ಸಾಲದಿರುವುದು, ಹೊಸ ಮಾತ್ರೆ, ಹೇಳಿಕೊಳ್ಳಲಾಗದ ನೋವು, ಇವೆಲ್ಲ ಇಂಥದ್ದಕ್ಕೆ ಕಾರಣ. ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಮುಖ ಸೊಟ್ಟಗಾಗಿ ಕೈಯೋ ಕಾಲೋ ಬಿದ್ದುಹೋದರೆ ಒಂದು ನಿಮಿಷವೂ ಕಾಯಬೇಡಿ, ಅದು ಸ್ಟ್ರೋಕ್ ಇರಬಹುದು.

ನೀವು

ನೋಡಿಕೊಳ್ಳುವವರು ಒಬ್ಬರೇ ಆದರೆ ಹೆಚ್ಚು ದಿನ ನಡೆಯುವುದಿಲ್ಲ. ದೂರದಿಂದ ಫೋನಿನಲ್ಲಿ ಸಲಹೆ ಕೊಡುವ ಅಣ್ಣನೋ ಅಕ್ಕನೋ ಪ್ರತಿ ಮನೆಯಲ್ಲೂ ಇರುತ್ತಾರೆ. ಅವರಿಗೆ "ಸ್ವಲ್ಪ ಸಹಾಯ ಮಾಡು" ಅಂದರೆ ಏನೂ ಆಗುವುದಿಲ್ಲ. "ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ನೀನು ಬಾ, ನಾನು ಇರುವುದಿಲ್ಲ" ಅನ್ನಿ. ಒಂದು ವಾರ ಪೂರ್ತಿ ಬಿಟ್ಟುಹೋದರೆ ಇನ್ನೂ ಒಳ್ಳೆಯದು, ಆಮೇಲೆ ಸಲಹೆ ಕಡಿಮೆಯಾಗುತ್ತದೆ.

ಕಿರುಚುವ ದಿನ ಬರುತ್ತದೆ. ನನಗೂ ಬಂದಿದೆ, ಬರುತ್ತಲೇ ಇದೆ. ಅವರು ಸುರಕ್ಷಿತವಾಗಿ ಕೂತಿದ್ದರೆ ಪಕ್ಕದ ಕೋಣೆಗೆ ಹೋಗಿ ಹತ್ತು ನಿಮಿಷ ಬಾಗಿಲು ಹಾಕಿಕೊಳ್ಳಿ. ನಾನು ಹೋಗುವ ಮುಂಚೆ ಟವೆಲ್ ತುಂಬಿದ ಬುಟ್ಟಿ ಅವಳ ಮುಂದೆ ಇಡುತ್ತೇನೆ. ಮಡಿಸುವುದು ಅವಳಿಗೆ ಇನ್ನೂ ಬರುತ್ತದೆ, ನನಗಿಂತ ನೀಟಾಗಿ, ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಎರಡು ಸಲ ಒತ್ತಿ. ವಾಪಸ್ ಬಂದು ಪಕ್ಕದಲ್ಲಿ ಕೂತು ನಾನೂ ಒಂದೆರಡು ಮಡಿಸುತ್ತೇನೆ, ಅವಳು ನನ್ನದನ್ನು ಬಿಚ್ಚಿ ಮತ್ತೆ ಸರಿಯಾಗಿ ಮಡಿಸುತ್ತಾಳೆ. ಬುಟ್ಟಿ ಮುಗಿಯಿತು ಅನ್ನುವಾಗ ಕೆಳಗಿನ ನಾಲ್ಕನ್ನು ಅವಳಿಗೆ ಕಾಣದ ಹಾಗೆ ಬಿಚ್ಚಿ ಮತ್ತೆ ಹಾಕಿಡುತ್ತೇನೆ.