ಉಪ್ಪಿನ ದಾರಿಯಲ್ಲಿ ಕಾರು, ಟೆಂಟು: ಜಪಾನಿನ ಹಳ್ಳಿಗಾಡಿಗೆ ಹೊರಡುವ ಮುನ್ನ

ಇತೊಯಿಗಾವಾ ಜಪಾನ್ ಸಮುದ್ರದ ದಂಡೆಯ ಸಣ್ಣ ಊರು. ಅಲ್ಲಿನ ಹಿಸುಯಿ ತೀರದ ತುಂಬ ಅಲೆ ತಿಕ್ಕಿ ತಿಕ್ಕಿ ನುಣ್ಣಗಾದ ಉರುಟು ಕಲ್ಲುಗಳು. ಬೆಳಗ್ಗೆ ಹೋದರೆ ಜನ ತಲೆ ತಗ್ಗಿಸಿಕೊಂಡು ಜೇಡ್ ಎಂಬ ಹಸಿರು ಕಲ್ಲು ಹುಡುಕುತ್ತಿರುತ್ತಾರೆ. ಅಲ್ಲಿಂದ 148ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹಿಮೆಕಾವಾ ನದಿಯ ಮಗ್ಗುಲಲ್ಲೇ ಹತ್ತಿದರೆ, ಸುರಂಗಗಳನ್ನೂ ಹಿಮ ಬೀಳದಂತೆ ಕಟ್ಟಿದ ಕಾಂಕ್ರೀಟ್ ಮಾಡುಗಳನ್ನೂ ದಾಟಿ, ಗಂಟೆ ಚಿಲ್ಲರೆಯಲ್ಲಿ ಹಕುಬಾ ಎಂಬ ಬೆಟ್ಟದೂರು. ಹಿಂದೆ ಕಡಲ ಉಪ್ಪು ಎತ್ತುಗಳ ಬೆನ್ನ ಮೇಲೆ, ಹೊರೆಯಾಳುಗಳ ಹೆಗಲ ಮೇಲೆ ಒಳನಾಡಿನ ಮಾತ್ಸುಮೊತೊ ಊರಿನವರೆಗೆ ಹೋಗುತ್ತಿದ್ದದ್ದು ಈ ಕಣಿವೆಯಲ್ಲೇ. ಈಗಲೂ ಅದನ್ನು ‘ಉಪ್ಪಿನ ದಾರಿ’ ಎನ್ನುತ್ತಾರೆ. ಹೊನ್ನಾವರದಿಂದ ಶರಾವತಿಯ ಪಕ್ಕದಲ್ಲೇ ಸಾಗಿ ಗೇರುಸೊಪ್ಪೆ ಘಾಟಿ ಹತ್ತಿದವರಿಗೆ ಇದು ನಮ್ಮದೇ ದಾರಿ ಅನ್ನಿಸುತ್ತದೆ. ಟೆಂಟ್ ಕಟ್ಟಿಕೊಂಡು ಹೊರಡುತ್ತೇವೆ ಅನ್ನುವ ನಮ್ಮವರಿಗೆಲ್ಲ ನಾನು ಮೊದಲು ಹೇಳುವುದು ಈ ದಾರಿಯನ್ನೇ.

ಮೊದಲು ಲೈಸೆನ್ಸ್ ವಿಚಾರ. ಊರಿಂದ ಸುತ್ತಾಡಲು ಬರುವವರು ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಬಂದರೆ ಸಾಕು. 1949ರ ಜಿನೀವಾ ಒಪ್ಪಂದದ ಪ್ರಕಾರ ಭಾರತ ಕೊಡುವ ಪರವಾನಗಿ ಇಲ್ಲಿ ನಡೆಯುತ್ತದೆ. ಜಪಾನಿಗೆ ಬಂದಿಳಿದ ದಿನದಿಂದ ಒಂದು ವರ್ಷ, ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಷ್ಟು. ಮೂಲ ಲೈಸೆನ್ಸ್, ಪಾಸ್‌ಪೋರ್ಟ್ ಎರಡೂ ಜೊತೆಗಿರಲಿ. ಇಲ್ಲೇ ನೆಲೆಸಿರುವವರು ಮಾತ್ರ ಎಚ್ಚರ. ವರ್ಷ ಕಳೆದ ಮೇಲೆ ಎರಡು ವಾರ ಊರಿಗೆ ಹೋಗಿ ಹೊಸ ಪರವಾನಗಿ ತಂದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಜಪಾನಿನಿಂದ ಹೊರಗೆ ಕನಿಷ್ಠ ಮೂರು ತಿಂಗಳಿದ್ದು ಮರಳಿದ್ದರೆ ಮಾತ್ರ ಹೊಸದಾಗಿ ವರ್ಷ ಶುರು. ಹಾಗಿಲ್ಲದವರಿಗೆ ಉಳಿದ ದಾರಿ ‘ಗೈಮೆನ್ ಕಿರಿಕಾಯೆ’, ಅಂದರೆ ನಮ್ಮ ಲೈಸೆನ್ಸನ್ನು ಜಪಾನಿನದ್ದಕ್ಕೆ ಬದಲಾಯಿಸಿಕೊಳ್ಳುವುದು. 2025ರ ಅಕ್ಟೋಬರ್‌ನಿಂದ ಇದು ಬಿಗಿಯಾಗಿದೆ: ಮುಂಚೆ 10 ಪ್ರಶ್ನೆಗಳಿದ್ದ ಪರೀಕ್ಷೆಗೆ ಈಗ 50 ಪ್ರಶ್ನೆ, ಶೇ 90 ಸರಿ ಉತ್ತರ ಬೇಕು. ಆಮೇಲೆ ಗಾಡಿ ಓಡಿಸಿಯೂ ತೋರಿಸಬೇಕು.

ಎಡಗಡೆ ಸಂಚಾರ, ಬಲಗಡೆ ಸ್ಟಿಯರಿಂಗ್, ಹಾಗಾಗಿ ಕೈ ಬೇಗ ಒಗ್ಗುತ್ತದೆ. ಒಗ್ಗಬೇಕಾದದ್ದು ಕಾಲು. ತಲೆಕೆಳಗಾದ ಕೆಂಪು ತ್ರಿಕೋನದ ‘ತೊಮಾರೆ’ ಫಲಕ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು, ರಸ್ತೆ ಖಾಲಿಯಿದ್ದರೂ. ರೈಲ್ವೆ ಗೇಟ್ ತೆರೆದಿದ್ದರೂ ನಿಂತೇ ಹೋಗಬೇಕು. ಚಾಲಕ ಕುಡಿದಿದ್ದಾನೆಂದು ಗೊತ್ತಿದ್ದೂ ಅವನ ಗಾಡಿ ಹತ್ತಿದವರಿಗೂ ಶಿಕ್ಷೆ ಇದೆ.

ಬಾಡಿಗೆಗೆ ಅಗ್ಗವಾಗಿ ಸಿಗುವುದು ಹಳದಿ ನಂಬರ್ ಪ್ಲೇಟಿನ ಪುಟ್ಟ ‘ಕೇಯ್’ ಕಾರು. ಬಂಕಿನಲ್ಲಿ ‘ಕೇಯು’ ಎಂದು ಬರೆದಿರುತ್ತದೆ; ಹೆಸರು ಕೇಳಿ ಕೇಯ್ ಕಾರಿಗೆ ಅದೇ ಅಂದುಕೊಳ್ಳಬೇಡಿ, ಅದು ಡೀಸೆಲ್. ಹಸಿರು ಹಿಡಿ ಡೀಸೆಲ್, ಕೆಂಪು ಹಿಡಿ ಸಾದಾ ಪೆಟ್ರೋಲ್. ಕೇಯ್ ಕಾರಿಗೆ ಬೇಕಾದದ್ದು ಕೆಂಪು.

ಇನ್ನು ರಾತ್ರಿ ತಂಗುವ ವಿಚಾರ. ನಮ್ಮವರು ಹೆಚ್ಚು ಎಡವುವುದು ಇಲ್ಲೇ. ದಾರಿಯುದ್ದಕ್ಕೂ ‘ಮಿಚಿ ನೊ ಎಕಿ’ ಸಿಗುತ್ತವೆ. ದಾರಿಯ ನಿಲ್ದಾಣ ಎಂದು ಅರ್ಥ. 1993ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಈಗ ದೇಶದಾದ್ಯಂತ 1,200ಕ್ಕೂ ಹೆಚ್ಚು ನಿಲ್ದಾಣಗಳಿವೆ. ಶೌಚಾಲಯ, ಪಾರ್ಕಿಂಗ್ ದಿನದ 24 ಗಂಟೆಯೂ ತೆರೆದಿರುತ್ತವೆ, ಪುಕ್ಕಟೆ. ಹಾಗೆಂದು ಅದು ಛತ್ರವಲ್ಲ. ನಿದ್ದೆ ಬಂದರೆ ಸೀಟು ಒರಗಿಸಿ ಕಣ್ಣು ಮುಚ್ಚಿ, ಯಾರೂ ಏನೂ ಅನ್ನುವುದಿಲ್ಲ. ಟೆಂಟ್ ಹಾಕುವುದು, ಕುರ್ಚಿ ಹರವುವುದು, ಒಲೆ ಹಚ್ಚುವುದು ಕೂಡದು. ಮನೆಯ ಕಸ ತಂದು ಸುರಿಯುವವರು ಹೆಚ್ಚಾಗಿ ಕೆಲವೆಡೆ ಕಸದ ಡಬ್ಬಿಗಳನ್ನೇ ತೆಗೆದುಬಿಟ್ಟಿದ್ದಾರೆ. ಕಾರಿನಲ್ಲೇ ರಾತ್ರಿ ಕಳೆಯುವುದಾದರೆ ಹಣ ಕೊಟ್ಟು ತಂಗುವ ಆರ್‌ವಿ ಪಾರ್ಕ್‌ಗಳಿವೆ. ಟೆಂಟ್ ಪಕ್ಕದಲ್ಲೇ ಕಾರು ನಿಲ್ಲಿಸಬೇಕಾದರೆ ‘ಓತೊ ಕ್ಯಾಂಪುಜೊ’ ಹುಡುಕಿ. ಹಕುಬಾ ದಾಟಿ ಇನ್ನಷ್ಟು ದಕ್ಷಿಣಕ್ಕೆ ಹೋದರೆ ಆವೊಕಿ, ನಕತ್ಸುನಾ, ಕಿಜಾಕಿ ಎಂಬ ಮೂರು ಕೆರೆಗಳು ಸಾಲಾಗಿ ಸಿಗುತ್ತವೆ. ಕಿಜಾಕಿ ದಡದಲ್ಲಿ ಕ್ಯಾಂಪ್ ಜಾಗವಿದೆ.

ಬುಕಿಂಗ್ ಮಾಡುವಾಗ ‘ಜಿಕಾಬಿ ಕಿನ್ಶಿ’ ಎಂಬ ಮಾತು ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆ ನೇರವಾಗಿ ಬೆಂಕಿ ಹಾಕಬಾರದು ಎಂದರ್ಥ. ‘ತಕಿಬಿದಾಯ್’ ಎಂಬ ಕಾಲುಳ್ಳ ಕಬ್ಬಿಣದ ತಟ್ಟೆಯ ಮೇಲೆ ಸೌದೆ ಉರಿಸಬೇಕು, ಬೂದಿಯನ್ನು ಅವರು ತೋರಿಸಿದ ಜಾಗಕ್ಕೇ ಹಾಕಬೇಕು. ರಾತ್ರಿ ಒಂಬತ್ತು-ಹತ್ತಕ್ಕೆ ಎಲ್ಲವೂ ಗಪ್‌ಚುಪ್. ನಮ್ಮ ಎರಡು ಕುಟುಂಬ ಮೊದಲ ಸಲ ಬೆಟ್ಟದ ಮೇಲೆ ತಂಗಿದ್ದಾಗ ಮಾತಿನ ಭರದಲ್ಲಿ ಹೊತ್ತೇ ಗೊತ್ತಾಗಲಿಲ್ಲ. ಮೈದಾನ ನೋಡಿಕೊಳ್ಳುವ ಅಜ್ಜ ಟಾರ್ಚನ್ನು ನೆಲಕ್ಕೆ ಹಿಡಿದು ಬಂದು, ತಲೆಬಾಗಿ, ಒಂದು ಮಾತೂ ಆಡದೆ ಪಕ್ಕದ ಟೆಂಟಿನ ಕಡೆ ಕೈ ತೋರಿಸಿದರು. ಜಿಪ್ಪಿನ ಹೊರಗೆ ಕೂಸಿನ ಪುಟ್ಟ ಬೂಟುಗಳು. ಅವತ್ತಿನಿಂದ ಒಂಬತ್ತಾದರೆ ನಮ್ಮ ದನಿ ತಾನಾಗಿಯೇ ಇಳಿಯುತ್ತದೆ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳಿಗೆ ಹೋಟೆಲಿಗಿಂತ ಕ್ಯಾಂಪೇ ಸುಖ. ತರಕಾರಿ ಸೂಪಿನಲ್ಲೂ, ಸೋಬಾ ಎಂಬ ಶ್ಯಾವಿಗೆಯ ಸಾರಿನಲ್ಲೂ ಒಣಮೀನಿನ ‘ದಾಶಿ’ ಇರುತ್ತದೆ. ಅದರ ಬದಲು ಬೆಳಗ್ಗೆಯೇ ಮಿಚಿ ನೊ ಎಕಿಗೆ ಹೋಗಿ. ಬದನೆ, ಟೊಮೆಟೊ, ಸೌತೆ, ಒಂದೊಂದು ಪೊಟ್ಟಣದ ಮೇಲೂ ಬೆಳೆದವರ ಹೆಸರು. ಹೊಲದಂಚಿನಲ್ಲಿ ಕಾವಲಿಲ್ಲದ ಗೂಡಂಗಡಿ ಕಂಡರೆ ತರಕಾರಿ ತೆಗೆದುಕೊಂಡು 100 ಯೆನ್ ನಾಣ್ಯ ಡಬ್ಬಿಗೆ ಹಾಕಿ ಬನ್ನಿ. ಆ ಬದನೆಗೆ ಮನೆಯಿಂದ ತಂದ ವಾಂಗಿಬಾತ್ ಪುಡಿ ಸಾಕು. ವಿಮಾನದಲ್ಲಿ ಗ್ಯಾಸ್ ಡಬ್ಬಿ ತರುವಂತಿಲ್ಲ, ಇಲ್ಲಿನ ದೊಡ್ಡ ಅಂಗಡಿಗಳಲ್ಲಿ ಒಲೆಗೆ ಹಾಕುವ ‘ಕ್ಯಾಸೆಟ್ ಗ್ಯಾಸ್’ ಡಬ್ಬಿ ಸುಲಭವಾಗಿ ಸಿಗುತ್ತದೆ.

ಕಡಲ ಬದಿಯಲ್ಲಿ ಮಲಗುವ ದಿನ, ಟೆಂಟ್ ಹೊಡೆಯುವ ಮೊದಲೇ ಸುನಾಮಿ ಬಂದರೆ ಯಾವ ದಿಬ್ಬ ಹತ್ತಬೇಕೆಂದು ಮಕ್ಕಳಿಗೂ ತೋರಿಸಿಡಿ; ಹಸಿರು ಫಲಕಗಳಲ್ಲಿ ಓಡುವ ಮನುಷ್ಯನ ಚಿತ್ರವಿರುತ್ತದೆ. ನೆಲ ಜೋರಾಗಿ ಅಥವಾ ತುಂಬ ಹೊತ್ತು ನಡುಗಿದರೆ ಸೈರನ್‌ಗೆ ಕಾಯದೆ ಓಡಿ, ಸಾಮಾನು ಅಲ್ಲೇ ಇರಲಿ. 2024ರ ಜನವರಿ 1ರಂದು ನೋತೊ ಪರ್ಯಾಯದ್ವೀಪದಲ್ಲಿ ನೆಲ ಕಂಪಿಸಿದಾಗ ಇದೇ ಕಡಲಿನ ದಂಡೆಗೆ ನಿಮಿಷಗಳಲ್ಲೇ ನೀರು ನುಗ್ಗಿತ್ತು. ಬೆಟ್ಟದಲ್ಲಿ ಕರಡಿ ಭಯ: ಉಳಿದ ಊಟ ಟೆಂಟಿನೊಳಗೆ ಇಡಬೇಡಿ, ಕಾಡುದಾರಿಯಲ್ಲಿ ಗಂಟೆ ಕಟ್ಟಿಕೊಂಡು ನಡೆಯಿರಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 119.

ಮೇ ಮೊದಲ ವಾರದ ರಜೆ, ಆಗಸ್ಟ್ ನಡುವೆ ಹಿರಿಯರನ್ನು ನೆನೆಯುವ ಒಬೊನ್ ಹಬ್ಬ, ಎರಡರಲ್ಲೂ ಜಾಗ ಸಿಗುವುದು ಕಷ್ಟ. ಮಳೆ ನಿಂತ ಜುಲೈ ಕೊನೆ ನನಗೆ ಇಷ್ಟ. ಆಗ ಕೆಳಗೆ ಕಡಲಿನಲ್ಲಿ ಈಜಿ, ಸಂಜೆ ಹಕುಬಾದಲ್ಲಿ ಸ್ವೆಟರ್ ಹಾಕಿಕೊಂಡು ಅನ್ನಕ್ಕೆ ನೀರಿಡಬಹುದು.